ಸೈಕಲ್ಲಿನವನಿಗೆ ಒಂದು ಬಾಟ್ಲಿ ಪುನರ್ಪುಳಿ

ಭಾನುವಾರವಾದರೂ ನಮ್ಮವರು ಕತ್ತಲಿರುವಾಗಲೇ ಎದ್ದು ಕುಳಿತಿದ್ದರು. ಕೆಲಸದ ದಿನಗಳಲ್ಲಿ ಅಬುಧಾಬಿಯ ಮುಸಫ್ಫಾಕ್ಕೆ ಹೋಗುವ ಕಂಪೆನಿ ಬಸ್ಸು ದುಬೈಯ ಅಲ್ ಬರ್ಷಾದ ನಮ್ಮ ತಿರುವಿಗೆ ಬೆಳಕು ಹರಿಯುವ ಮೊದಲೇ ಬಂದು ನಿಲ್ಲುತ್ತದೆ. ಆ ಅಭ್ಯಾಸ ರಜೆಯ ದಿನವೂ ಅವರನ್ನು ಮಲಗಲು ಬಿಡುವುದಿಲ್ಲ. ಎದ್ದವರು ಪೇಪರ್ ಓದುವುದಾಗಲಿ, ಗಿಡಕ್ಕೆ ನೀರು ಹಾಕುವುದಾಗಲಿ ಇಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ, ಸಂಬಳ ಕೊಡುವ ಧಣಿಯ ಹಾಗೆ ನನ್ನ ಕೆಲಸ ನೋಡುತ್ತಾ ನಿಲ್ಲುತ್ತಾರೆ.

ನಾನು ದೇವರ ಅಲ್ತಾರಿನ ಮುಂದೆ ಮೊಂಬತ್ತಿ ಹಚ್ಚಿ, ಶಿಲುಬೆಯ ಗುರುತು ಹಾಕಿ, ಚಹಾಕ್ಕೆ ನೀರಿಟ್ಟೆ. ಬ್ರೆಡ್ಡಿನ ಅಂಚು ಕತ್ತರಿಸಿ ಹಸಿರು ಚಟ್ನಿ ಹಚ್ಚಿದೆ. ಹಿಂದಿನ ದಿನ ನೆನೆಹಾಕಿದ್ದ ಪುನರ್ಪುಳಿ ಹಣ್ಣಿನ ಒಣ ಸಿಪ್ಪೆಯನ್ನು ಕಿವುಚಿ, ಸೋಸಿ, ಸಕ್ಕರೆ, ಚಿಟಿಕೆ ಉಪ್ಪು, ಹುರಿದ ಜೀರಿಗೆ ಹಾಕಿ ದೊಡ್ಡ ಥರ್ಮಾಸಿಗೆ ತುಂಬಿದೆ. ಮಾಣಿಕ್ಯದಂಥ ಬಣ್ಣ. ಅದನ್ನು ಸೋಸುವಾಗ ನಾನು ಯಾವತ್ತೂ ಬಿಳಿ ಬಟ್ಟೆ ಉಡುವುದಿಲ್ಲ.

"ಅಬುಧಾಬಿಗೆ ಹೋಗುವುದಾ, ಅಮೇರಿಕಕ್ಕಾ?" ಎಂದು ಬಾಗಿಲಿನಿಂದ ಪ್ರಶ್ನೆ ಬಂತು.

"ದಾರಿಯಲ್ಲಿ ಬಾಯಾರಿದರೆ?"

"ದಾರಿಯಲ್ಲಿ ಪೆಟ್ರೋಲ್ ಪಂಪು ಉಂಟು ಮಾರಾಯ್ತಿ, ಅಲ್ಲಿ ಅಂಗಡಿ ಉಂಟು, ಅಂಗಡಿಯಲ್ಲಿ ನೀರು ಉಂಟು."

"ಪುನರ್ಪುಳಿ ಇಲ್ಲವಲ್ಲ," ಎಂದೆ. ಅವರು ಥರ್ಮಾಸನ್ನು ಎತ್ತಿ ಕಾರಿಗೆ ಒಯ್ದರು.

ನಾವು ಹೊರಟದ್ದು ಒಂದು ಸೈಕಲ್ ರೇಸು ನೋಡಲು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನಾನು ಕ್ರಿಕೆಟ್ಟನ್ನೂ ಪೂರ್ತಿ ನೋಡಿದವಳಲ್ಲ. ಆದರೆ ಒಂದು ವಾರದಿಂದ ಈ ದೇಶದ ರಸ್ತೆಗಳಲ್ಲಿ ನಡೆಯುತ್ತಿದ್ದ ಆ ರೇಸಿಗೆ ಅದು ಕೊನೆಯ ದಿನ. ನಮ್ಮ ಎದುರು ಫ್ಲಾಟಿನ ಅಮೇರಿಕದ ಹುಡುಗ ಅದರಲ್ಲಿದ್ದ. ಆ ದಿನ ಮುಗಿದ ಮೇಲೆ ಅವನನ್ನು ತಂಡದವರು ಯುರೋಪಿನ ದೊಡ್ಡ ರೇಸುಗಳಿಗೆ ಕರೆದುಕೊಂಡು ಹೋಗುತ್ತಾರೋ, ಇಲ್ಲ ಊರಿಗೆ ವಾಪಸು ಕಳಿಸುತ್ತಾರೋ ಎನ್ನುವುದು ತೀರ್ಮಾನವಾಗಲಿಕ್ಕಿತ್ತು. ಅವನಿಗೆ ಅದು ಪರೀಕ್ಷೆಯ ವಾರ. ನನಗೆ ನೊವೆನಾ ಪ್ರಾರ್ಥನೆಯ ವಾರ.

ಅವನು ಬಂದದ್ದು ಜನವರಿಯಲ್ಲಿ. ಅವನ ಊರು ಹಿಮದಲ್ಲಿ ಮುಳುಗಿರುವಾಗ ಇಲ್ಲಿ ಬಿಸಿಲಿದೆ, ಮರುಭೂಮಿಯಲ್ಲಿ ಸೈಕಲ್ಲಿಗೆಂದೇ ಮಾಡಿದ ರಸ್ತೆಯಿದೆ ಎಂದು ಎದುರಿನ ಸ್ಟುಡಿಯೋ ಫ್ಲಾಟನ್ನು ತಿಂಗಳ ಬಾಡಿಗೆಗೆ ಹಿಡಿದಿದ್ದ. ನಾನು ಅವನನ್ನು ಮೊದಲು ನೋಡಿದ್ದು ಲಿಫ್ಟಿನಲ್ಲಿ. ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಸೊಂಟ ಹಿಡಿದುಕೊಂಡು, ಯಾರದೋ ಮದುವೆಯಲ್ಲಿ ಫೋಟೋಕ್ಕೆ ನಿಂತವನ ಹಾಗೆ ನಿಂತಿದ್ದ. ಕಾಲುಗಳು ನುಣ್ಣಗೆ ಬೋಳಿಸಿದವು. ತೊಡೆಯ ನಡುವಿನವರೆಗೆ ಹಾಲಿನ ಬಣ್ಣ, ಅಲ್ಲಿಂದ ಕೆಳಗೆ ಚಹಾದ ಬಣ್ಣ, ಮತ್ತೆ ಪಾದದ ಹತ್ತಿರ ಹಾಲಿನ ಬಣ್ಣ. ಗಲ್ಲದಲ್ಲಿ ಮಾಂಸವೇ ಇಲ್ಲ. "ಗುಡ್ ಮಾರ್ನಿಂಗ್, ಮ್ಯಾಮ್," ಎಂದ. ಕಾನ್ವೆಂಟಿನಲ್ಲಿ ಓದಿದವಳಿಗೆ ಇಷ್ಟು ಸಾಕು. ಮನೆಗೆ ಬಂದವಳೇ ಅಕ್ಕನಿಗೆ ಹೇಳಿದೆ, "ಒಳ್ಳೆ ಮನೆತನದ ಹುಡುಗ, ಆದರೆ ಹೊಟ್ಟೆಗೇನೂ ತಿಂದ ಹಾಗಿಲ್ಲ."

ಅಕ್ಕ ಎಂದರೆ ನಮ್ಮ ಪಕ್ಕದ ಫ್ಲಾಟಿನವರು. ಉಡುಪಿ ಕಡೆಯವರು, ಅವರ ಯಜಮಾನರದು ಟೈಲ್ಸಿನ ವ್ಯಾಪಾರ. ಕ್ರೈಸ್ತರನ್ನು ಕರೆಯುವ ಊರಿನ ರೂಢಿಯಂತೆ ನನ್ನನ್ನು ಬಾಯಿ ಎನ್ನುತ್ತಾರೆ, ನಮ್ಮವರನ್ನು ಪೊರ್ಬುಗಳೇ ಎನ್ನುತ್ತಾರೆ.

"ಕೆಲಸ ಎಂತದಂತೆ?" ಎಂದು ಅಕ್ಕ ಕೇಳಿದರು.

"ಸೈಕಲ್ ಬಿಡುವುದಂತೆ."

"ಅದು ಸಮ. ಕೆಲಸ ಎಂತ?"

"ಅದೇ ಕೆಲಸವಂತೆ ಅಕ್ಕ. ಸಂಬಳ ಕೊಡ್ತಾರಂತೆ."

"ಸೈಕಲ್ ಬಿಡ್ಲಿಕ್ಕೆ ಸಂಬಳ ಕೊಡೂದು ನಮ್ಮಲ್ಲಿ ಪೋಸ್ಟ್‌ಮ್ಯಾನಿಗೆ ಮಾತ್ರ," ಎಂದರು ಅಕ್ಕ.

ಮರುದಿನವೇ ಒಂದು ಡಬ್ಬಿಯಲ್ಲಿ ಕೋಳಿ ಸುಕ್ಕ, ಇನ್ನೊಂದರಲ್ಲಿ ಸಣ್ಣ ಅಕ್ಕಿಯ ಅನ್ನ ತೆಗೆದುಕೊಂಡು ಹೋಗಿ ಅವನ ಬಾಗಿಲು ಬಡಿದೆ. ಅವನ ಮೇಜಿನ ಮೇಲೆ ಅಕ್ಕಸಾಲಿಗರ ಅಂಗಡಿಯಲ್ಲಿರುವಂಥ ಒಂದು ತಕ್ಕಡಿಯಿತ್ತು. ಬೇಯಿಸಿದ ಅನ್ನವನ್ನು ಅದರಲ್ಲಿಟ್ಟು ತೂಗುತ್ತಿದ್ದ. ಎರಡು ಅಗುಳು ಹೆಚ್ಚಾಯಿತೆಂದು ವಾಪಸು ಪಾತ್ರೆಗೆ ಹಾಕಿದ! ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಗುಡ್ಡ ಹತ್ತುವಾಗ ಮೈಯ ಪ್ರತಿಯೊಂದು ತೊಲವೂ ಭಾರವಾಗುತ್ತದೆ, ತಂಡದ ಡಾಕ್ಟರು ಏನೇನು ತಿನ್ನಬೇಕೆಂದು ಬರೆದುಕೊಟ್ಟಿದ್ದಾರೆ ಎಂದು ಅವನು ತಾಳ್ಮೆಯಿಂದ ವಿವರಿಸಿದ. ನಾನೂ ತಾಳ್ಮೆಯಿಂದ ಕೇಳಿದೆ. ಆಮೇಲೆ ಡಬ್ಬಿ ಅಲ್ಲೇ ಇಟ್ಟು ಬಂದೆ.

ಡಬ್ಬಿ ತೊಳೆದು ಒರೆಸಿ ಖಾಲಿ ವಾಪಸು ಬಂತು. ಬಾಗಿಲು ತೆರೆದದ್ದು ನನ್ನ ಮಗಳು. ಅವಳಿಗೆ ಹದಿಮೂರು, ನಾನು ಕೊಂಕಣಿಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಆದರೆ ಊರಿನ ಕೆಲವು ಕಾನೂನು ಮಾತ್ರ ಅವಳ ರಕ್ತದಲ್ಲಿದೆ. ನಮ್ಮಲ್ಲಿ ಯಾರ ಡಬ್ಬಿಯನ್ನೂ ಖಾಲಿ ಕೊಡುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ ಎಂದು ಅವನಿಗೆ ಪಾಠ ಮಾಡಿದಳಂತೆ. ಮುಂದಿನ ಸಲ ಡಬ್ಬಿ ಬಂದಾಗ ಅದರಲ್ಲಿ ಬಣ್ಣಬಣ್ಣದ ಸಣ್ಣ ಸಣ್ಣ ಪೊಟ್ಟಣಗಳಿದ್ದವು. ಸೈಕಲ್ಲಿನವರು ದಾರಿಯಲ್ಲಿ ಶಕ್ತಿಗೆಂದು ಹೀರುವ ಪಾಕ. ನಮ್ಮವರು ಅದನ್ನು ಜಾಮ್ ಎಂದುಕೊಂಡು ಚಪಾತಿಗೆ ಹಚ್ಚಿ ಮುಸಫ್ಫಾಕ್ಕೆ ಒಯ್ದರು. ಆ ದಿನ ಮಧ್ಯಾಹ್ನ ಅವರು ಗೋದಾಮಿನ ಅರ್ಧ ಸಾಮಾನನ್ನು ತಾವೇ ಎತ್ತಿ ಬೇರೆ ಸಾಲಿನಲ್ಲಿ ಜೋಡಿಸಿಟ್ಟರಂತೆ. ಮೇನೇಜರರು ಬಂದು, ಮನೆಯಲ್ಲಿ ಎಲ್ಲ ಸರಿ ಇದೆಯಲ್ಲ ಎಂದು ವಿಚಾರಿಸಿದರಂತೆ.

ಅಲ್ಲಿಂದ ಡಬ್ಬಿ ಅತ್ತಿಂದಿತ್ತ ಓಡಾಡತೊಡಗಿತು. ಅವನೂ ಮ್ಯಾಮ್ ಬಿಟ್ಟು ಆಂಟಿ ಎನ್ನತೊಡಗಿದ. ಬಾಲ್ಕನಿಯ ಕಂಬಿಗೆ ಒದ್ದೆ ಚಡ್ಡಿಗಳನ್ನು ಸಾಲಾಗಿ ನೇತುಹಾಕಿದ್ದನ್ನು ನೋಡಿ, ಇಲ್ಲಿ ಹಾಗೆ ಒಣಗಿಸಿದರೆ ಮುನಿಸಿಪಾಲಿಟಿಯವರು ದಂಡ ಹಾಕುತ್ತಾರೆ ಎಂದು ನಾನೇ ಹೇಳಿ, ಬಟ್ಟೆ ಒಣಗಿಸುವ ಸ್ಟ್ಯಾಂಡು ಕೊಟ್ಟೆ. ಸೈಕಲ್ಲಿನ ಚೈನನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕುತ್ತಾ ಅವನು ಬಾಗಿಲು ತೆರೆದಿಟ್ಟುಕೊಂಡು ತನ್ನ ಕತೆ ಹೇಳುತ್ತಿದ್ದ. ಚಿಕ್ಕವನಿರುವಾಗ ಅಪ್ಪ ಅಮ್ಮ ಶನಿವಾರ ಭಾನುವಾರ ಬಂತೆಂದರೆ ಅವನನ್ನೂ ಸೈಕಲ್ಲನ್ನೂ ವ್ಯಾನಿನಲ್ಲಿ ಹಾಕಿಕೊಂಡು ಯಾವಯಾವುದೋ ಊರಿನ ಮಕ್ಕಳ ರೇಸಿಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಮೂವರೂ ವ್ಯಾನಿನಲ್ಲೇ ಮಲಗುತ್ತಿದ್ದರಂತೆ. ಶಾಲೆಯಲ್ಲಿ ಅವನ ಗೆಳೆಯರಿಗೆಲ್ಲ ಫುಟ್‌ಬಾಲಿನ ಹುಚ್ಚು, ಇವನು ಬಿಗಿ ಚಡ್ಡಿ ಹಾಕುತ್ತಾನೆಂದು ನಗುತ್ತಿದ್ದರಂತೆ. ಈಗ ಹೇಗೋ ಒಂದು ದೊಡ್ಡ ತಂಡ ಕರೆದಿದೆ, ಇದು ಮೊದಲನೆಯ ವರ್ಷ. ಅಮ್ಮ ಈಗಲೂ ಫೋನಿನಲ್ಲಿ ಕೊನೆಗೆ ಕೇಳುವುದು ಒಂದೇ, "ಕಾಲೇಜಿಗೆ ಯಾವಾಗ ಸೇರುತ್ತೀ?"

"ಅದು ಸರಿಯಲ್ಲವಾ?" ಎಂದೆ ನಾನು. ಲೋಕದ ಅಮ್ಮಂದಿರ ಪರವಾಗಿ ಅಷ್ಟಾದರೂ ಹೇಳಬೇಡವೇ?

ಒಂದು ದಿನ ಅವನು ನಮ್ಮ ಊಟದ ಮೇಜಿನ ಮೇಲೆ ಸ್ಟೀಲಿನ ಲೋಟಗಳನ್ನು ಜೋಡಿಸಿ ರೇಸು ಹೇಗೆ ನಡೆಯುತ್ತದೆಂದು ತೋರಿಸಿದ. ತಂಡದಲ್ಲಿ ಒಬ್ಬ ವೇಗದವನಿರುತ್ತಾನೆ, ಕೊನೆಯಲ್ಲಿ ನುಗ್ಗಿ ಗೆಲ್ಲಬೇಕಾದವನು ಅವನು. ಉಳಿದವರು ಅವನಿಗೆ ಗಾಳಿ ತಾಗದಂತೆ ಮುಂದೆ ಸವಾರಿ ಮಾಡಬೇಕು. ಎಲ್ಲರಿಗಿಂತ ಹೊಸಬನಾದ ಇವನು ಹಿಂದೆ ಬರುವ ತಂಡದ ಕಾರಿನ ತನಕ ಹೋಗಿ, ನೀರಿನ ಬಾಟ್ಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು ಬಂದು ಎಲ್ಲರಿಗೂ ಹಂಚಬೇಕು.

"ಮತ್ತೆ ನೀನು ಗೆಲ್ಲೂದು ಯಾವಾಗ?" ಎಂದು ಅಕ್ಕ ತಮ್ಮ ಇಂಗ್ಲಿಷಿನಲ್ಲಿ ಕೇಳಿದರು.

"ನಾನು ಗೆಲ್ಲುವುದಿಲ್ಲ ಆಂಟಿ. ಅವನು ಗೆದ್ದರೆ ನಾನು ಗೆದ್ದ ಹಾಗೆ."

ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅಮೇರಿಕದಿಂದ ಇಷ್ಟು ದೂರ ಬಂದದ್ದು ನೀರು ಹೊರ್ಲಿಕ್ಕಾ ಬಾಯಿ? ಅವನಮ್ಮನಿಗೆ ಗೊತ್ತುಂಟಾ?" ಎಂದರು.

ಊಟಕ್ಕೆ ಕರೆದಾಗ ಅವನು ಒಂದು ವಿಷಯದಲ್ಲಿ ಮಾತ್ರ ಪಳಗಲಿಲ್ಲ. ಬೇಡ ಎಂದರೆ ಬೇಡ ಎಂದು ಅವನು ತಿಳಿದಿದ್ದ. ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಮೂರನೆಯದು ಕೇಳಿಸಿಕೊಳ್ಳುತ್ತಾ ಬಡಿಸಿಬಿಡುವುದು ನಮ್ಮ ಕ್ರಮ. ಬಡಿಸದೆ ಬಿಟ್ಟರೆ ಬಂದವರು ಹಸಿದು ಹೋದರು ಎಂದಾಗುತ್ತದೆ. ಪಾಪ, ಅವನು ಎರಡೂ ಕೈಗಳಲ್ಲಿ ತಟ್ಟೆ ಮುಚ್ಚುತ್ತಿದ್ದ, ನಾನು ಬೆರಳುಗಳ ಸಂದಿನಲ್ಲಿ ಒಂದು ತುಂಡು ಮೀನು ಇಡುತ್ತಿದ್ದೆ. ಮರುದಿನ ಅಷ್ಟಕ್ಕೆ ಸರಿಯಾಗಿ ಇನ್ನೊಂದು ಗುಡ್ಡ ಹತ್ತಿ ಬರುತ್ತೇನೆ ಎನ್ನುತ್ತಿದ್ದ. ಒಳ್ಳೆಯದೇ ಆಯಿತಲ್ಲ!

ರೇಸು ಶುರುವಾದ ಮೇಲೆ ಅವನು ತಂಡದೊಡನೆ ಹೋಟೆಲಿನಲ್ಲಿದ್ದ, ಸಾಮಾನು ಮಾತ್ರ ಎದುರು ಫ್ಲಾಟಿನಲ್ಲಿ. ಹೊರಡುವ ಮುನ್ನ ಬಂದು ಯುರೋಪಿನ ಸಂಗತಿ ಹೇಳಿದ. ಈ ವಾರ ತನ್ನ ಕೆಲಸ ಸರಿಯಾಗಿ ಮಾಡಿದರೆ ವಸಂತದಲ್ಲಿ ಅಲ್ಲಿ, ಇಲ್ಲದಿದ್ದರೆ ಊರಿನ ಸಣ್ಣ ರೇಸುಗಳಲ್ಲಿ. ಆ ಮಾತು ಹೇಳುವಾಗ ನಗುತ್ತಲೇ ಇದ್ದ, ಆದರೆ ಹೆಬ್ಬೆರಳಿನ ಉಗುರಿನ ಸುತ್ತಲಿನ ಚರ್ಮವನ್ನೆಲ್ಲ ಕಚ್ಚಿ ಕೆಂಪು ಮಾಡಿಕೊಂಡಿದ್ದ.

ಅಂದಿನಿಂದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಟಿ.ವಿ. ಸೈಕಲ್ಲಿನದಾಯಿತು. ಮರುಭೂಮಿಯಲ್ಲಿ ಗಾಳಿ ಬೀಸಿದ ದಿನ ಆ ವೇಗದವನ ಚಕ್ರ ಪಂಕ್ಚರ್ ಆಯಿತು. ನಮ್ಮ ಹುಡುಗ ಕೆಳಗಿಳಿದು ತನ್ನ ಚಕ್ರವನ್ನೇ ಬಿಚ್ಚಿ ಕೊಟ್ಟು, ಒಂಟಿ ಚಕ್ರದ ಸೈಕಲ್ ಹಿಡಿದುಕೊಂಡು ಮರಳಿನ ನಡುವೆ ಕಾರಿಗಾಗಿ ಕಾಯುತ್ತಾ ನಿಂತ. ಆ ದಿನ ತೀರ ತಡವಾಗಿ ಬಂದು ಮುಟ್ಟಿದ. ಇನ್ನು ಸ್ವಲ್ಪ ತಡವಾಗಿದ್ದರೆ ರೇಸಿನಿಂದಲೇ ಹೊರಗೆ ಹಾಕುತ್ತಿದ್ದರಂತೆ. ನಮ್ಮವರು, "ಇದು ತ್ಯಾಗ," ಎಂದರು. ಅಕ್ಕ, "ಇದು ಪೆದ್ದುತನ," ಎಂದರು. ನಾನು ಒಂದು ಮೊಂಬತ್ತಿ ಹೆಚ್ಚು ಹಚ್ಚಿದೆ.

ಹಾಗಾಗಿ ಆ ಭಾನುವಾರ ಹೊರಟೆವು. ಚರ್ಚಿನ ಪೂಜೆಗೆ ಶನಿವಾರ ಸಂಜೆಯೇ ಹೋಗಿ ಬಂದಿದ್ದೆವು. ಅಕ್ಕನೂ ಬಂದರು, ಆದರೆ ರೇಸಿಗಲ್ಲ. ಕೊನೆಯ ದಿನ ಸೈಕಲ್ಲುಗಳು ಅಲ್ ಮೀನಾದ ಬಂದರು ರಸ್ತೆಯಲ್ಲಿ ಎರಡು ಸುತ್ತು ಹಾದುಹೋಗುತ್ತವೆ ಎಂದು ಮಗಳು ಫೋನಿನಲ್ಲಿ ಓದಿ ಹೇಳಿದಾಗ, "ಮೀನು ಮಾರ್ಕೆಟಿನ ಹತ್ರವಾ?" ಎಂದು ಕೇಳಿ, ಐಸ್ ಬಾಕ್ಸ್ ಹಿಡಿದುಕೊಂಡೇ ಕಾರು ಹತ್ತಿದ್ದರು.

ಮಾರ್ಕೆಟಿನಲ್ಲಿ ಅಕ್ಕ ಅಂಜಲಿನ ಕಿವಿರು ಎತ್ತಿ ನೋಡುತ್ತಾ, ಮಾರುವವನ ಹತ್ತಿರ ಹಿಂದಿಯಲ್ಲೂ ತುಳುವಿನಲ್ಲೂ ಜಗಳವಾಡುತ್ತಾ ಇದ್ದಾಗ ಹೊರಗೆ ಹೆಲಿಕಾಪ್ಟರಿನ ಸದ್ದು ಶುರುವಾಯಿತು. "ಮಮ್ಮಾ, ದೇ ಆರ್ ಕಮಿಂಗ್!" ಎಂದು ಮಗಳು ಓಡಿದಳು. ನಮ್ಮವರು ಐಸ್ ಬಾಕ್ಸ್ ಎತ್ತಿಕೊಂಡು ಓಡಿದರು. ಅಕ್ಕ ಮಾತ್ರ, "ಚರ್ಮ ತೆಗೀಬೇಡ, ತಲೆ ಬೇರೆ ಕಟ್ಟು!" ಎಂದು ಕೂಗಿ ಹೇಳಿ, ಕಟ್ಟಿಸಿಕೊಂಡೇ ಬಂದರು.

ರಸ್ತೆ ಬದಿಯಲ್ಲಿ ತಡೆಬೇಲಿ ಇರಲಿಲ್ಲ. ಕೇಸರಿ ಬಣ್ಣದ ಕೋನುಗಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಒಬ್ಬ ಸ್ವಯಂಸೇವಕ, ಬಂದರಿನ ಕೆಲಸ ಬಿಟ್ಟು ಬಂದ ನಾಲ್ಕು ಜನ, ಮತ್ತೆ ನಾವು. ಪಕ್ಕದಲ್ಲೊಂದು ಹಲಗೆ ನೆಟ್ಟಿದ್ದರು. ಸೈಕಲ್ಲಿನವರು ಖಾಲಿ ಬಾಟ್ಲಿ ಎಸೆಯುವುದಿದ್ದರೆ ಅಲ್ಲೇ ಎಸೆಯಬೇಕು ಎಂದು ಅದರ ಅರ್ಥ. ಮೊದಲು ಪೊಲೀಸರ ಮೋಟಾರ್‌ಬೈಕುಗಳು ಹೋದವು, ಆಮೇಲೆ ಸೈಕಲ್ಲುಗಳ ಹಿಂಡು. ನಾನು ಗದ್ದಲ ಇರಬಹುದೆಂದುಕೊಂಡಿದ್ದೆ. ಒಣಗಿದ ತೆಂಗಿನ ಗರಿಗಳನ್ನು ಯಾರೋ ಸಿಮೆಂಟಿನ ಅಂಗಳದಲ್ಲಿ ಎಳೆದುಕೊಂಡು ಹೋದಂಥ ಸದ್ದು, ಅಷ್ಟೇ. ಮುಖಗಳನ್ನು ನೋಡುವುದರೊಳಗೆ ಬೆನ್ನುಗಳು ಬಂದಿದ್ದವು.

"ಇಷ್ಟೇಯಾ?" ಎಂದರು ಅಕ್ಕ.

ಅಷ್ಟರಲ್ಲಿ ಹಿಂದಿನ ಕಾರುಗಳ ನಡುವಿನಿಂದ ಒಂದು ಗೂನುಬೆನ್ನಿನ ಆಕೃತಿ ಬಂತು. ಅಂಗಿಯ ಹಿಂದೆ ಮುಂದೆ ಎಲ್ಲ ಬಾಟ್ಲಿಗಳು ಉಬ್ಬಿಕೊಂಡಿದ್ದವು. ನಮ್ಮ ಹುಡುಗ! ಮಗಳು ಕಿರುಚಿದಳು. ಅವನು ತಲೆಯೆತ್ತಿ ನಕ್ಕ, ಸೈಕಲ್ಲಿನಿಂದ ಒಂದು ಖಾಲಿ ಬಾಟ್ಲಿ ಕಿತ್ತು ನಮ್ಮ ಕಡೆ ಎಸೆದು ಹಿಂಡಿನ ಬೆನ್ನು ಹತ್ತಿದ. ಬಾಟ್ಲಿ ಉರುಳಿಕೊಂಡು ನನ್ನ ಚಪ್ಪಲಿಯ ಹತ್ತಿರ ನಿಂತಿತು.

ಅದನ್ನು ನೆನಪಿಗೆಂದು ಕೊಡುವುದಂತೆ. ಯುರೋಪಿನಲ್ಲಿ ಇಂಥ ಬಾಟ್ಲಿಗೆ ಮಕ್ಕಳು ಕಿತ್ತಾಡುತ್ತಾರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನ್ನ ಕೈಯಲ್ಲಿದ್ದದ್ದು ಪಕ್ಕದ ಮನೆಯವರ ಒಂದು ಖಾಲಿ ಪಾತ್ರೆ, ಮತ್ತು ಪಾತ್ರೆಯ ಯಜಮಾನ ಇನ್ನೊಂದು ಸುತ್ತು ಬರುವವನಿದ್ದ. ಕಾರಿನಲ್ಲಿ ಪುನರ್ಪುಳಿ ಇತ್ತು. ನಾನು ಬಾಟ್ಲಿಯನ್ನು ತೊಳೆದು, ಬಾಯಿಯನ್ನು ಶಾಲಿನಲ್ಲಿ ಒರೆಸಿ, ಕತ್ತಿನ ತನಕ ತುಂಬಿದೆ.

"ಮಮ್ಮಾ, ಪ್ಲೀಸ್, ಡೋಂಟ್," ಎಂದಳು ಮಗಳು.

"ಬಿಸಿಲು ನೋಡು," ಎಂದೆ.

ಎರಡನೆಯ ಸಲ ಹಿಂಡು ಬಂದಾಗ ರಸ್ತೆಯೇ ನಡುಗಿದಂತಾಯಿತು. ಯಾರ ಮುಖದಲ್ಲೂ ಮನುಷ್ಯ ಕಳೆ ಇರಲಿಲ್ಲ, ಎಲ್ಲರ ಬಾಯಿಯೂ ತೆರೆದಿತ್ತು. ಹಿಂಡಿನ ಮುಂದೆ ಗಾಳಿಗೆ ಎದೆಕೊಟ್ಟು ಎಳೆಯುತ್ತಿದ್ದವನು ನಮ್ಮ ಹುಡುಗ. ನಾವು ನೋಡುತ್ತಿದ್ದಂತೆ, ನಮ್ಮ ಹತ್ತಿರ ಬರುವ ಸ್ವಲ್ಪ ಮೊದಲು, ಅವನು ಪಕ್ಕಕ್ಕೆ ಸರಿದ. ಅವನ ಕೆಲಸ ಮುಗಿದಿತ್ತು. ಹಿಂಡು ಅವನನ್ನು ದಾಟಿಕೊಂಡು ಹೋಯಿತು, ಅವನು ಒಬ್ಬನೇ ತಲೆ ತಗ್ಗಿಸಿ, ನಿಧಾನವಾಗಿ, ಬಟ್ಟೆಯ ಗಂಟಿನ ಹಾಗೆ ಸೈಕಲ್ಲಿನ ಮೇಲೆ ಉಳಿದ. ಅವನ ಹಿಂದೆ ಒಂದು ಮೋಟಾರ್‌ಬೈಕು, ಅದರ ಮೇಲೆ ರೇಸಿನ ಅಧಿಕಾರಿ.

ನಾನು ಬಾಟ್ಲಿ ಹಿಡಿದುಕೊಂಡು ಅವನ ಕಡೆಗೆ ನಡೆದೆ, ನಡೆದದ್ದು ಬೇಗಬೇಗನೆಯಾಯಿತು, ಆಮೇಲೆ ಓಡುತ್ತಿದ್ದೆ. ಶಾಲೆಯ ಕ್ರೀಡಾದಿನದಂದೂ ನಾನು ಓಡಿದವಳಲ್ಲ, ಲಂಗ ಹಿಡಿದುಕೊಂಡು ನಡೆದುಕೊಂಡೇ ಗೆರೆ ಮುಟ್ಟಿ ಸಿಸ್ಟರ್ ಹತ್ತಿರ ಶಿಸ್ತಿಗೆಂದು ಬಹುಮಾನ ಪಡೆದವಳು.

"ತಗೊ!" ಎಂದೆ.

ಅವನು ನನ್ನನ್ನು ನೋಡಿದ, ಬಾಟ್ಲಿ ನೋಡಿದ, ತಿರುಗಿ ಮೋಟಾರ್‌ಬೈಕನ್ನು ನೋಡಿದ. "ನೋ ಆಂಟಿ!" ಎಂದ.

ಮರ್ಯಾದೆಯ ಹುಡುಗ, ಎಂದುಕೊಂಡೆ.

"ಸ್ವಲ್ಪ ಕುಡಿ ಮಗಾ!" ಎಂದು ಇನ್ನೂ ಹತ್ತಿರ ಓಡಿದೆ. ಒಂದು ಚಪ್ಪಲಿ ಹಿಂದೆ ಉಳಿಯಿತು.

"ನೋ, ನೋ! ಪ್ಲೀಸ್!"

ಎರಡಾಯಿತು. ಇನ್ನು ಕೇಳುವುದೇನಿದೆ? ಬಾಟ್ಲಿಯನ್ನು ಅವನ ಕೈಗೇ ಒತ್ತಿದೆ. ಅವನ ಮುಖದಲ್ಲಿ ಮೀನಿನ ತುಂಡಿನ ಮುಂದೆ ಸೋತಾಗ ಬರುತ್ತಿದ್ದ ಅದೇ ಭಾವ ಬಂತು. ತೆಗೆದುಕೊಂಡು, ಕುಡಿಯದೆ, ಬೆನ್ನ ಜೇಬಿಗೆ ತುರುಕಿ ಹೋದ. ಮುಚ್ಚಳ ಸರಿಯಾಗಿ ಕೂತಿರಲಿಲ್ಲವೆಂದು ಕಾಣುತ್ತದೆ. ಅವನ ಬಿಳಿ ಅಂಗಿಯ ಮೇಲೆ ಒಂದು ಕೆಂಪು ಗೆರೆ ಇಳಿಯತೊಡಗಿದ್ದನ್ನು ನೋಡಿ, ಬಿಸಿನೀರು ತಾಗಿಸದಿದ್ದರೆ ಸಾಕಿತ್ತು ಎಂದುಕೊಂಡೆ. ಮೋಟಾರ್‌ಬೈಕಿನ ಅಧಿಕಾರಿ ನನ್ನನ್ನು ದಾಟುವಾಗ ತಲೆ ತಿರುಗಿಸಿ ದಿಟ್ಟಿಸಿದ, ಕುತ್ತಿಗೆಯ ಹತ್ತಿರದ ಮೈಕಿನಲ್ಲಿ ಏನೋ ಹೇಳಿದ.

ನಾನು ಚಪ್ಪಲಿ ಹುಡುಕಿಕೊಂಡು ಬರುವಷ್ಟರಲ್ಲಿ ಮಗಳು ಫೋನು ಹಿಡಿದು ಬಿಳುಚಿಕೊಂಡಿದ್ದಳು. ರೇಸಿನ ಕೊನೆಯ ಭಾಗದಲ್ಲಿ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದಳು. ದಂಡವಿದೆ. ಹೆಚ್ಚಾದರೆ ಹೊರಗೆ ಹಾಕಬಹುದು.

"ಸರ್ಬತ್ ಕುಡಿದ್ರೆ ಔಟಾ? ಇದೆಂತ ಆಟ ಮಾರಾಯ್ತಿ?" ಎಂದರು ಅಕ್ಕ.

"ಅವನು ಕುಡೀಲೇ ಇಲ್ಲ, ಆಂಟಿ. ಮಮ್ಮಾ ಕುಡಿಸ್ಲಿಕ್ಕೆ ಓಡಿದ್ದು," ಎಂದಳು ಮಗಳು, ಅಪರೂಪಕ್ಕೆ ಕನ್ನಡದಲ್ಲಿ. ಮಗಳು ಅಮ್ಮನನ್ನು ಕನ್ನಡದಲ್ಲಿ ದೂರುತ್ತಾಳೆಂದರೆ ಸಂಗತಿ ಗಂಭೀರವೇ ಇರಬೇಕು.

ದುಬೈಗೆ ಹಿಂತಿರುಗುವ ದಾರಿಯುದ್ದಕ್ಕೂ ನಾನು ಬೆರಳುಗಳಲ್ಲೇ ಜಪಸರ ಎಣಿಸುತ್ತಿದ್ದೆ. ಅವರ ವೇಗದವನು ಗೆದ್ದನೆಂದು ಮಗಳ ಫೋನು ಹೇಳಿತು. ನಮ್ಮ ಹುಡುಗನೂ ತುಂಬ ಹಿಂದೆ ಬಂದು ಮುಟ್ಟಿದ್ದನಂತೆ. ಆದರೆ ಶಿಕ್ಷೆಯಾದವರ ಹೆಸರುಗಳು ಇನ್ನೂ ಬಂದಿರಲಿಲ್ಲ. ಚಿಕ್ಕವನಿರುವಾಗ ವ್ಯಾನಿನಲ್ಲಿ ಮಲಗಿದ ಹುಡುಗ, ಚಕ್ರ ಬಿಚ್ಚಿಕೊಟ್ಟು ಮರಳಿನಲ್ಲಿ ನಿಂತ ಹುಡುಗ, ವಾರವಿಡೀ ತಪ್ಪದೆ ತನ್ನ ಕೆಲಸ ಮಾಡಿದವನು, ಕೊನೆಯ ಅರ್ಧ ಗಂಟೆಯಲ್ಲಿ ನನ್ನ ಸರ್ಬತ್ತಿನಿಂದ ಊರಿಗೆ ಹೋಗಬೇಕಾದರೆ?

ನಮ್ಮವರು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ನೀನು ಕೊಟ್ಟದ್ದು ವಿಷ ಅಲ್ಲ. ಸುಮ್ಮನಿರು," ಎಂದರು. ಲೇನು ಬದಲಿಸಿ, "ಆದರೆ ನೀನು ಇಷ್ಟು ಜೋರು ಓಡ್ತೀ ಎಂದು ನನಗೆ ಗೊತ್ತಿರಲಿಲ್ಲ," ಎಂದರು.

"ಪೊರ್ಬುಗಳೇ, ಏಸಿ ಜೋರು ಮಾಡಿ, ಮೀನು ಹಾಳಾಗ್ತದೆ," ಎಂದರು ಅಕ್ಕ.

ಸಂಜೆ ಆರರ ಹೊತ್ತಿಗೆ ಬಾಗಿಲಿನ ಗಂಟೆ ಹೊಡೆಯಿತು. ಅವನೇ. ತಂಡದ ಜಾಕೆಟ್ಟು, ಸ್ನಾನ ಮಾಡಿ ಒದ್ದೆಯಾದ ಕೂದಲು. ತಂಡದ ವ್ಯಾನು ಕೆಳಗೆ ಕಾಯುತ್ತಿದೆ, ಸಾಮಾನು ತೆಗೆದುಕೊಳ್ಳಲು ಬಂದೆ ಎಂದ.

"ಊರಿಗಾ?" ಎಂದು ಕೇಳಿದೆ. ಇಂಗ್ಲಿಷು ಮರೆತುಹೋಗಿತ್ತು. ಮಗಳು ಹಿಂದಿನಿಂದ ಇಂಗ್ಲಿಷಿನಲ್ಲಿ ಕೇಳಿದಳು.

ಅವನು ಬಾಗಿಲಿನ ಚೌಕಟ್ಟಿಗೆ ಒರಗಿ ಹೇಳಿದ. ರೇಸು ಮುಗಿದ ಮೇಲೆ ಅಧಿಕಾರಿಗಳು ಕರೆದು ದಂಡ ಹಾಕಿದರಂತೆ, ಹೊರಗೇನೂ ಹಾಕಲಿಲ್ಲ. ಬಸ್ಸಿನಲ್ಲಿ ತಂಡದ ಮುಖ್ಯಸ್ಥರು ಎಲ್ಲರೆದುರು ಬೈದರಂತೆ. ಅವರ ಕಾರಿನ ಟಿ.ವಿ.ಯಲ್ಲಿ ನಾನು ಬರಿಗಾಲಲ್ಲಿ ಓಡುತ್ತಿರುವುದು ಕಾಣಿಸಿತ್ತಂತೆ. ಯಾರದು ಆ ಹೆಂಗಸು, ಯಾಕೆ ತೆಗೆದುಕೊಂಡೆ ಎಂದು ಕೇಳಿದರಂತೆ.

"ನೀನು ಎಂತ ಹೇಳಿದೆ?"

"ನಾನು ಅವರ ಬಿಲ್ಡಿಂಗಿನಲ್ಲಿ ಇದ್ದವನು, ಅವರಿಗೆ ಬೇಡ ಎನ್ನಲು ಯಾರಿಂದಲೂ ಆಗುವುದಿಲ್ಲ ಎಂದೆ. ನಿಜವಾಗಿ ಪ್ರಯತ್ನಿಸಿದೆ ಆಂಟಿ."

ಆಗ ಗೆದ್ದವನು ಎದ್ದು ನಿಂತು, ಆ ದಿನ ಚಕ್ರ ಕೊಟ್ಟವನು ಇವನು, ವಾರವಿಡೀ ನೀರು ತಂದವನು ಇವನು, ಒಂದು ದಿನ ಇವನಿಗೂ ಯಾರಾದರೂ ನೀರು ಕೊಡಲಿ ಬಿಡಿ ಎಂದನಂತೆ. ಬಸ್ಸಿನವರೆಲ್ಲ ನಕ್ಕರಂತೆ. ಮುಖ್ಯಸ್ಥರು ನಗಲಿಲ್ಲ. ಯುರೋಪಿಗೆ ಹೋಗುವವರ ಹೆಸರು ಒಂದೊಂದಾಗಿ ಓದಿದರು. ಇವನದು ಕೊನೆಯದು. ಓದಿ, "ಅಲ್ಲಿ ರಸ್ತೆ ಬದಿಯಲ್ಲಿ ಯಾರು ಏನು ಕೊಟ್ಟರೂ ಮುಟ್ಟಬೇಡ," ಎಂದರಂತೆ.

ಅದು ಅರ್ಥವಾದ ಮೇಲೆ ನಾನು ಶಾಲಿನಿಂದ ಮುಖ ಒರೆಸಿಕೊಂಡೆ. ನಮ್ಮವರು ಮುಂದೆ ಬಂದು ಅವನ ಕೈಯನ್ನು ಬಾವಿಯಿಂದ ನೀರು ಸೇದುವವರ ಹಾಗೆ ಮೇಲೆ ಕೆಳಗೆ ಮಾಡಿ ಕುಲುಕಿದರು.

"ಅಮ್ಮನಿಗೆ ಹೇಳಿದೆಯಾ?" ಎಂದೆ.

"ಹೇಳಿದೆ. ಅತ್ತಳು. ಆಮೇಲೆ ಕಾಲೇಜಿನ ಬಗ್ಗೆ ಕೇಳಿದಳು."

"ಸರ್ಬತ್ತು?"

ಅವನು ತಲೆ ಕೆರೆದುಕೊಂಡ. ಹೊರಗಿನವರು ಕೊಟ್ಟದ್ದನ್ನು ಕುಡಿಯುವಂತಿಲ್ಲವೆಂದು ತಂಡದ ಡಾಕ್ಟರು ಬಸ್ಸಿನ ಸಿಂಕಿಗೆ ಸುರಿದರಂತೆ. ಊರಿನಿಂದ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಸುತ್ತಿ ತಂದ ಸಿಪ್ಪೆ! ನಾನು ಅಂಗಿಯ ಕಲೆಗೆ ಲಿಂಬೆಹುಳಿ ಮತ್ತು ಉಪ್ಪು ತಿಕ್ಕಿ, ತಣ್ಣೀರಿನಲ್ಲಿ ನೆನೆಹಾಕಬೇಕೆಂದು ಮಾತ್ರ ಹೇಳಿಕೊಟ್ಟೆ. ಅವನು ಮಾಡುವವನಲ್ಲವೆಂದು ಗೊತ್ತಿತ್ತು.

ಅವನ ಸಾಮಾನೆಂದರೆ ಎರಡು ಚೀಲ, ಆ ತಕ್ಕಡಿ ಮತ್ತು ಒಂದು ತಲೆದಿಂಬು. ನಮ್ಮವರು ಒಂದು ಚೀಲ ಹಿಡಿದು ಅವನ ಜೊತೆ ಕೆಳಗೆ ಹೋದರು. ಲಿಫ್ಟಿನ ಬಾಗಿಲು ಮುಚ್ಚುವ ತನಕ ಮಗಳು ಕೈ ಬೀಸುತ್ತಿದ್ದಳು, ಮುಚ್ಚಿದ ಮೇಲೆ ನನ್ನ ಕಡೆ ನೋಡದೆ ತನ್ನ ಕೋಣೆಗೆ ಹೋದಳು. ಅವನ ಫ್ಲಾಟಿನ ಬಾಗಿಲು ಇನ್ನೂ ಅರ್ಧ ತೆರೆದೇ ಇತ್ತು. ಒಳಗೆ ದೀಪ ಉರಿಯುತ್ತಿತ್ತು. ನಾನು ಹೋಗಿ ಆರಿಸಿದೆ, ಬಾಗಿಲು ಎಳೆದುಕೊಂಡೆ.

ಅಷ್ಟರಲ್ಲಿ ಅಕ್ಕ ಅಂಜಲಿನ ಹುರಿದ ತುಂಡುಗಳ ತಟ್ಟೆ ಹಿಡಿದುಕೊಂಡು ಕಾರಿಡಾರಿಗೆ ಬಂದರು. ಮುಚ್ಚಿದ ಬಾಗಿಲನ್ನು ನೋಡಿ ಹುಬ್ಬೇರಿಸಿದರು. ನಾನು ಎಲ್ಲ ಹೇಳಿದೆ. ಆಯ್ಕೆಯಾದದ್ದು, ಯುರೋಪಿಗೆ ಹೊರಟದ್ದು, ಇನ್ನು ಇಲ್ಲಿಗೆ ಬರುವುದಿಲ್ಲವೆಂಬುದು.

"ಒಳ್ಳೇದಾಯ್ತು. ಪಾಪದ ಮಾಣಿ," ಎಂದರು ಅಕ್ಕ, ತಟ್ಟೆಯನ್ನು ನನ್ನ ಕೈಗೆ ಕೊಡುತ್ತಾ. "ಅಲ್ಲ ಬಾಯಿ, ಅವನಿಗೆ ಕಾರೇ ಇರ್ಲಿಲ್ಲ, ಆ ಫ್ಲಾಟಿನ ಪಾರ್ಕಿಂಗ್ ಹೇಗೂ ಖಾಲಿ ಬಿದ್ದಿದೆ. ವಾಚ್‌ಮ್ಯಾನ್ ಹತ್ರ ನಾನೇ ಮೊದ್ಲು ಕೇಳ್ತೇನೆ, ನೀವು ಯಾರಿಗೂ ಬಾಯಿ ಬಿಡ್ಬೇಡಿ."